ಭತ್ತ ಕೊಯ್ದ ಗದ್ದೆಯಲ್ಲಿ ಚಳಿಗಾಲದ ಹಕ್ಕಿಹಿಂಡು: ಕೂತು ನೋಡಿದ ನನ್ನ ಅನುಭವ

ಚಳಿಗಾಲದಲ್ಲಿ ಬಯಲಿಗೆ ಇಳಿಯುವ ಗುಬ್ಬಿಯಂಥ ಪುಟ್ಟ ಹಕ್ಕಿಗಳಾದ ಲಾರ್ಕ್, ಬಂಟಿಂಗ್‌ಗಳ ಹಿಂಡು ಬೇಕಾದರೆ ಘಟ್ಟ ಹತ್ತಿ ಹಾವೇರಿ, ಧಾರವಾಡದ ಬಯಲಿಗೇ ಹೋಗಬೇಕು, ಕರಾವಳಿಯವರಿಗೆ ಅಘನಾಶಿನಿ ಅಳಿವೆಯ ಹಕ್ಕಿಗಳೇ ಸಾಕು ಎಂದು ಜೊತೆಯ ಪಕ್ಷಿವೀಕ್ಷಕರು ಬಹುಕಾಲ ಹೇಳುತ್ತಿದ್ದರು. ಅಂಕೋಲಾ ಕಡೆಯ ಮಕ್ಕಿಗದ್ದೆಗಳಲ್ಲಿ (ಮಳೆನೀರನ್ನೇ ನಂಬಿದ ಎತ್ತರದ ಗದ್ದೆಗಳಲ್ಲಿ) ಈಗ ಆ ಹಿಂಡುಗಳನ್ನು ಹದಿನೈದು ಮೀಟರ್ ಆಸುಪಾಸಿನಲ್ಲಿ ನೋಡುತ್ತಿದ್ದೇನೆ. ಸಂದೇಹಪಟ್ಟವರಲ್ಲಿ ಇಬ್ಬರು ನನ್ನ ಪಕ್ಕದಲ್ಲೇ ಕೂತು ನೋಡಿ ಹೋಗಿದ್ದಾರೆ.

ಮೊದಮೊದಲು ಎಲ್ಲರಂತೆ ನಾನೂ ಗದ್ದೆಯ ಹಾಳಿಯ (ಬದುವಿನ) ಮೇಲೆ ನಡೆದು ಹಿಂಡಿನ ಬೆನ್ನು ಹತ್ತುತ್ತಿದ್ದೆ. ಗಿಡ್ಡಬೆರಳಿನ ಲಾರ್ಕ್‌ಗಳು ನಲವತ್ತು ಮೀಟರ್ ಇರುವಾಗಲೇ ಒಟ್ಟಾಗಿ ಎದ್ದು ಮೂರು ಗದ್ದೆ ಆಚೆ ಇಳಿಯುತ್ತಿದ್ದವು. ಸುಮಾರು ನಾಲ್ಕು ಸಾವಿರ ಕೊಟ್ಟು ತರಿಸಿದ ಮರೆಯ ಟೆಂಟ್ ಗಾಳಿಗೆ ಪಟಪಟನೆ ಬಡಿದು ಹಕ್ಕಿಗಳನ್ನು ಇನ್ನಷ್ಟು ದೂರ ಅಟ್ಟಿತು. ಇಪ್ಪತ್ತು ಸಾವಿರದ ಹತ್ತಿರ ಸುರಿದ ಸ್ಕೋಪ್ (ದೂರದ ಹಕ್ಕಿ ನೋಡುವ ದೂರದರ್ಶಕ) ಬೆಳಗಿನ ಒಂಬತ್ತರವರೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಬಿಸಿಲೇರಿದ ಮೇಲೆ ಕೂಳೆಯ ಮೇಲಿನ ಗಾಳಿ ನಡುಗಿ ಹಕ್ಕಿಯ ಎದೆಯ ಗೆರೆಗಳು ಕಾಣಿಸುವುದಿಲ್ಲ.

ಕೊನೆಗೆ ಕೈಹಿಡಿದದ್ದು ಮೂರು ಬಿದಿರು ಗಳ, ಎರಡು ಗೋಣಿಚೀಲ. ಇವುಗಳಿಂದ ಒಂದು ಮರೆಯನ್ನು ಹುಲ್ಲುಕುತ್ತರಿಯ (ಬಣವೆಯ) ಬದಿಗೆ ವಾರ ಮೊದಲೇ ಕಟ್ಟಿಬಿಟ್ಟು, ಹಕ್ಕಿಗಳಿಗೆ ರೂಢಿಯಾದ ಮೇಲೆ ಸೂರ್ಯ ಹುಟ್ಟುವ ಮುನ್ನ ಬೆಳಕು ಬೆನ್ನಿಗೆ ಬರುವಂತೆ ಪಶ್ಚಿಮಕ್ಕೆ ಮುಖಮಾಡಿ ಕೂರುತ್ತೇನೆ. ಚಾಣ ಅಥವಾ ಸೆಳೆವದಂಥ ಬೇಟೆಹಕ್ಕಿ ಹಾದುಹೋದಾಗ ಹಿಂಡು ಎದ್ದರೂ, ಮನುಷ್ಯ ಹಿಂಬಾಲಿಸದಿದ್ದರೆ ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಗದ್ದೆಯ ಅದೇ ತುಂಡಿಗೆ ಮರಳುತ್ತದೆ ಎಂಬುದೇ ಈ ವಿಧಾನದ ಆಧಾರ. ಪವರ್ ಟಿಲ್ಲರ್ ಓಡಿದ ಹಸಿ ಗದ್ದೆಗೆ ಬೆಳ್ಳಕ್ಕಿ, ಹಳದಿ ಸಿಪಿಲೆಗಳು ಮುತ್ತುತ್ತವೆ. ಲಾರ್ಕ್‌ಗಳಿಗೆ ಬೇಕಾದದ್ದು ಒಣಗಿದ ಬರಿ ನೆಲ. ಭತ್ತದ ನಂತರ ಬಿತ್ತಿದ ಶೇಂಗಾ ಮೊಳೆತು ನಾಲ್ಕೆಲೆ ಬಿಡುವವರೆಗೂ ಅವು ಇರುತ್ತವೆ, ಗಿಡ ಹರಡಿ ಮಣ್ಣು ಮುಚ್ಚಿತೆಂದರೆ ಪಕ್ಕದ ಬೀಳು ಗದ್ದೆಗೆ ಸರಿಯುತ್ತವೆ. ಹತ್ತಾರು ತುಂಡುಗಳಲ್ಲಿ ನಾಳೆ ಯಾವುದಕ್ಕೆ ಇಳಿಯುತ್ತವೆ ಎಂದು ಹಿಂದಿನ ಸಂಜೆಯೇ ತಿಳಿಯುವ ಬಗೆಯೊಂದು ನನ್ನಲ್ಲಿದೆ. ಅದನ್ನೂ ಗದ್ದೆ ಇರುವ ಊರನ್ನೂ ಸದ್ಯಕ್ಕೆ ಬರೆಯುವುದಿಲ್ಲ.

ನಡುವೆ ಎಣಿಕೆಯನ್ನೂ ಪರೀಕ್ಷಿಸಿದೆ. ಹಾರುವ ಹಿಂಡನ್ನು ಕಣ್ಣಂದಾಜಿನಲ್ಲಿ ಅರವತ್ತು ಎಂದು ಬರೆದು, ಆಮೇಲೆ ಫೋಟೋ ಹಿಗ್ಗಿಸಿ ಚುಕ್ಕೆ ಇಡುತ್ತ ಎಣಿಸಿದರೆ ತೊಂಬತ್ತು ದಾಟುತ್ತಿತ್ತು. ಈಗ ಎಷ್ಟೇ ಚಿಕ್ಕ ಹಿಂಡಾದರೂ ಫೋಟೋ ಇಲ್ಲದೆ ಸಂಖ್ಯೆ ಬರೆಯುವುದಿಲ್ಲ. ಮೊಬೈಲನ್ನು ಹಾಳಿಯ ಮೇಲಿಟ್ಟು ಮಾಡಿದ ಧ್ವನಿಮುದ್ರಣವೂ ನೆರವಾಯಿತು: ನೆಲದ ಮೇಲೆ ಓಡಾಡುವ ಪಿಪಿಟ್ ಎಂಬ ಪುಟ್ಟ ಹಕ್ಕಿಗಳಲ್ಲಿ, ನಮ್ಮಲ್ಲೇ ನೆಲೆಸಿರುವ ಗದ್ದೆ ಪಿಪಿಟ್‌ನ ಸಣ್ಣ ಚಿಪ್‌ಚಿಪ್ ಮತ್ತು ವಲಸೆ ಬರುವ ರಿಚರ್ಡ್ಸ್ ಪಿಪಿಟ್‌ನ ಒರಟು ಕೂಗು ಮುದ್ರಣದಲ್ಲಿ ಸ್ಪಷ್ಟವಾಗಿ ಬೇರೆಯಾಗುತ್ತವೆ.

ಬಂಟಿಂಗ್‌ಗಳಿಗೆ ಮಾತ್ರ ಇನ್ನೂ ತಾಳ್ಮೆ ಬೇಕು. ಜನವರಿಯಲ್ಲಿ ಕರಿತಲೆ ಬಂಟಿಂಗ್ ಗಂಡಿನ ನೆತ್ತಿಗೆ ಬೂದಿ ಎರಚಿದಂತಿರುತ್ತದೆ. ಗರಿಗಳ ಮಸುಕು ಅಂಚು ದಿನದಿನಕ್ಕೆ ಸವೆದು ಒಳಗಿನ ಕಪ್ಪು ಹೊರಬರುವುದನ್ನು ಮಾರ್ಚ್‌ವರೆಗೆ ಅದೇ ಗದ್ದೆಯಲ್ಲಿ ಹಂತಹಂತವಾಗಿ ನೋಡಬಹುದು. ಹೆಣ್ಣುಗಳನ್ನು ಕೆಂಪುತಲೆ ಬಂಟಿಂಗ್‌ನ ಹೆಣ್ಣುಗಳಿಂದ ಬೇರ್ಪಡಿಸುವುದು ಇಷ್ಟು ಹತ್ತಿರದಿಂದಲೂ ಕಷ್ಟ, ಆದ್ದರಿಂದ ಪಟ್ಟಿಯಲ್ಲಿ ಎರಡರಲ್ಲೊಂದು ಎಂದಷ್ಟೇ ನಮೂದಿಸುತ್ತೇನೆ.