ಅಘನಾಶಿನಿ ಅಳಿವೆಯಲ್ಲಿ ಬೇಸಿಗೆಯ ಕೊನೆಯ ಗೊರವಗಳು

ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಕುಮಟಾ ಸುತ್ತ ಗೊರವಗಳನ್ನು, ಅಂದರೆ ಅಳಿವೆಯ ಕೆಸರಿನಲ್ಲಿ ಮೇಯುವ ದಡದ ಹಕ್ಕಿಗಳನ್ನು, ನೋಡಲು ಹೊರಡುವ ಮುನ್ನ ನಾನು ಬಿಡಿಸುವುದು ಪಂಚಾಂಗ, ಆಮೇಲೆ ಕಾರವಾರದ ಉಬ್ಬರ-ಇಳಿತದ ಪಟ್ಟಿ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ನೀರು ತುಂಬುವುದು ಹನ್ನೊಂದು-ಹನ್ನೆರಡರ ಆಸುಪಾಸು. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡ. ಆ ದಿನಗಳಲ್ಲಿ ಆರು ಗಂಟೆಗೇ ದಡದಲ್ಲಿದ್ದರೆ ಏರುವ ನೀರೇ ಹಕ್ಕಿಗಳನ್ನು ನಮ್ಮತ್ತ ತಳ್ಳುತ್ತದೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವು: ಬೆಳಗ್ಗೆ ನೀರು ಇಳಿಯುತ್ತ, ಬಿಸಿಲು ಏರುತ್ತ, ಹಕ್ಕಿ ದೂರ ಸರಿಯುತ್ತ ಹೋಗುತ್ತದೆ. ಒಳಗಿನ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆ ನೀರು ಪಟ್ಟಿಗಿಂತ ತಡವಾಗಿ ಏರುತ್ತದೆ. ಎಷ್ಟು ತಡ ಎಂದು ತಿಳಿಯಲು ಒಂದು ಕೋಲು ನೆಟ್ಟು ನೋಡಿದರೆ ಸಾಕು.

ಈ ಕಾಲದ ಲಾಭವೆಂದರೆ ಬಣ್ಣ. ಚಳಿಗಾಲವಿಡೀ ಬೂದಿಯಾಗಿದ್ದ ಸ್ಯಾಂಡ್ ಪ್ಲವರ್ ಎಂಬ ಪುಟ್ಟ ಗೊರವಗಳಿಗೆ ಈಗ ಇಟ್ಟಿಗೆಗೆಂಪು ಎದೆ, ಕಪ್ಪು ಮುಖಪಟ್ಟಿ. ಆದರೂ ಇವುಗಳ ಎರಡು ಬಗೆಯಲ್ಲಿ ಗ್ರೇಟರ್ ಯಾವುದು, ಲೆಸ್ಸರ್ ಯಾವುದು ಎಂಬುದಕ್ಕೆ ನಾನು ಬಣ್ಣ ನಂಬುವುದಿಲ್ಲ, ಕೊಕ್ಕು ಅಳೆಯುತ್ತೇನೆ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ದೂರಕ್ಕೆ ಕೊಕ್ಕು ಸಮ ಅಥವಾ ಹೆಚ್ಚಿದ್ದರೆ ಗ್ರೇಟರ್, ಕಡಿಮೆಯಿದ್ದರೆ ಲೆಸ್ಸರ್. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು. ಸ್ವಲ್ಪ ಓರೆಯಾದರೂ ಕೊಕ್ಕು ಮೊಟಕಾಗಿ ಕಂಡು ಲೆಕ್ಕ ತಪ್ಪುತ್ತದೆ. ಹಾರುವಾಗ ಗ್ರೇಟರ್‌ನ ಪಾದ ಬಾಲದಿಂದಾಚೆ ಚಾಚುತ್ತದೆ. ಕಾಲಿನ ಬಣ್ಣ ಕೆಸರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎಣಿಕೆ ಇಳಿತದಲ್ಲಿ ಬೇಡ. ಆಗ ಹಕ್ಕಿಗಳು ಚದುರಿರುತ್ತವೆ, ಬಳಚು (ಚಿಪ್ಪುಜೀವಿ) ಹೆಕ್ಕುವವರು ನಡೆದಾಡಿದಂತೆ ಜಾಗ ಬದಲಿಸುತ್ತವೆ, ಒಂದೇ ಗುಂಪು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನೀರು ತುಂಬಿದಾಗ ಒಡ್ಡುಗಳ ಮೇಲೆ, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಒತ್ತಾಗಿ ಕೂರುತ್ತವೆ. ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಹಿಡಿದ ಜಾಗವನ್ನೇ ಅಳತೆಯಾಗಿ ಗುಂಪಿನ ಉದ್ದಕ್ಕೂ ಇಡುತ್ತೇನೆ. ಆಗರದಲ್ಲಿ ಉಪ್ಪು ತೆಗೆಯುವ ಕೆಲಸ ಜೋರಿರುವ ಕಾಲ ಇದೇ. ಕೇಳದೆ ಒಡ್ಡಿನ ಮೇಲೆ ಕಾಲಿಡಬಾರದು.

ತೊಂದರೆಯೆಂದರೆ ಬಿಸಿಗಾಳಿಯ ತೆರೆ. ಒಂಬತ್ತೂವರೆ ದಾಟಿದರೆ ಸ್ಕೋಪಿನಲ್ಲಿ (ಹಕ್ಕಿ ನೋಡುವ ದೂರದರ್ಶಕದಲ್ಲಿ) ಎಲ್ಲ ಕುಣಿಯುತ್ತದೆ. ಆಗ ಹಿಗ್ಗಿಸುವುದನ್ನು 60 ಪಟ್ಟಿಗೆ ಏರಿಸಿದರೆ ಕುಣಿತವೂ ದೊಡ್ಡದಾಗುತ್ತದೆ ಅಷ್ಟೆ, 20ರಲ್ಲೇ ಇರುವುದು ಮೇಲು. ಕೊಕ್ಕು ಅಳೆಯುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು, ಎಣಿಕೆಗೆ 8x42 ದುರ್ಬೀನು ಸಾಕು. ಗಾಜಿನ ಮೇಲಿನ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ಒದ್ದೆಮಾಡಿದ ಬಟ್ಟೆ, ಆಮೇಲೆ ಒಣದು. ಒಣಗಿದ ಗಜನಿಯಲ್ಲಿ ಟಿಟ್ಟಿಭ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಕಾಲ ಬಳಿಯೇ ಮೊಟ್ಟೆಯಿರಬಹುದು, ಬಂದ ದಾರಿಯಲ್ಲೇ ಹಿಂದಿರುಗಬೇಕು.

ಮೇ ಕೊನೆಗೂ ಬಣ್ಣ ಬಾರದೆ ಮಾಸಿದ ಗರಿಯಲ್ಲೇ ಉಳಿದವು ಹೆಚ್ಚಾಗಿ ಹಿಂದಿನ ವರ್ಷದ ಮರಿಗಳು. ಉತ್ತರಕ್ಕೆ ಹೋಗದೆ ಮಳೆಗಾಲ ಇಲ್ಲೇ ಕಳೆಯುತ್ತವೆ. ಜುಲೈ ಕೊನೆ, ಆಗಸ್ಟಿನಲ್ಲಿ ಕೆಂಪು ಇನ್ನೂ ಪೂರ್ತಿ ಮಾಸದ ಎದೆ ಕಂಡರೆ ಅದು ಉತ್ತರದಿಂದ ಹಿಂತಿರುಗಿದ ಬಲಿತ ಹಕ್ಕಿ. ಹಾಗಾಗಿ ದಾಖಲೆಯಲ್ಲಿ ಬರೀ ಸಂಖ್ಯೆ ಬರೆಯುವುದಿಲ್ಲ. ಗರಿಯ ಸ್ಥಿತಿ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎರಡನ್ನೂ ಪಕ್ಕದಲ್ಲೇ ನಮೂದಿಸುತ್ತೇನೆ.