ಬೆಳ್ಳುಳ್ಳಿ ಬೆಣ್ಣೆಗೆ ಉಪ್ಸಾರು ಖಾರ

ಮುದ್ದೆ, ಕಾಳು ಸೊಪ್ಪು ಬೇಯಿಸಿದ ಕಟ್ಟಿನ ಉಪ್ಸಾರು, ತಟ್ಟೆ ಅಂಚಿಗೆ ಒಂದಿಷ್ಟು ರುಬ್ಬಿದ ಖಾರ, ಮೇಲೆ ನಿಂಬೆ ಗಾತ್ರದ ಬೆಣ್ಣೆ. ಹೀಗೆ ಉಂಡು ಬೆಳೆದ ಮಂಡ್ಯದವರಿಗೆ ಗಾರ್ಲಿಕ್ ಬಟರ್ ಹೊಸ ರುಚಿ ಏನಲ್ಲ. ಆ ಖಾರದಲ್ಲೂ ಬೆಳ್ಳುಳ್ಳಿ ಇದೆ, ಉಪ್ಪು ಇದೆ, ಪಕ್ಕದಲ್ಲಿ ಬೆಣ್ಣೆ ಇದೆ. ನಾನು ಮಾಡುವುದು ಇಷ್ಟೇ, ತಟ್ಟೆಯಲ್ಲಿ ಕಲಸಿಕೊಳ್ಳುತ್ತಿದ್ದುದನ್ನು ಮೊದಲೇ ಡಬ್ಬಿಯಲ್ಲಿ ಕಲಸಿಡುತ್ತೇನೆ. ಕಷ್ಟದ ಕೆಲಸವಲ್ಲ. ಆದರೆ ಒಂದು ವಿಷಯದಲ್ಲಿ ನಾನು ಹಟಮಾರಿ. ಇದರೊಳಗೆ ಎಲ್ಲಿಂದಲೂ ನೀರು ಸೇರಬಾರದು.

ಮೊದಲು ಬೆಣ್ಣೆ. ಕೆರಗೋಡು ಕಡೆಯಿಂದ ನಮ್ಮ ಅತ್ತಿಗೆ ಕಡೆದ ಬೆಣ್ಣೆ ಕಳಿಸುತ್ತಾರೆ. ಅದರ ರುಚಿಗೆ ಅಂಗಡಿಯದು ಸಾಟಿ ಇಲ್ಲ. ಆದರೆ ಮನೆ ಬೆಣ್ಣೆಯ ಒಳಗೆ ಮಜ್ಜಿಗೆ ಉಳಿದಿರುತ್ತದೆ. ಅದು ಉಳಿದರೆ ಎರಡೇ ದಿನಕ್ಕೆ ಹುಳಿ ವಾಸನೆ. ಹಾಗಾಗಿ ತಣ್ಣೀರಿನಲ್ಲಿ ತೊಳೆಯಬೇಕು. ನೀರು ಬೆಳ್ಳಗಾಗುವುದು ನಿಂತು ತಿಳಿಯಾಗುವ ತನಕ ಬದಲಿಸುತ್ತಾ ತೊಳೆಯಿರಿ. ಆಮೇಲೆ ಅಗಲವಾದ ತಟ್ಟೆಗೆ ಹಾಕಿ, ಮರದ ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ನೀರು ಬಸಿಯಿರಿ. ಹನಿ ಹನಿಯಾಗಿ ಬರುತ್ತಲೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟು ಪುರುಸೊತ್ತು ಇಲ್ಲದವರು ನಂದಿನಿಯ ಉಪ್ಪಿಲ್ಲದ ಬೆಣ್ಣೆ ತನ್ನಿ. ಪ್ಯಾಕೆಟ್ ಬೆಣ್ಣೆಯಲ್ಲಿ ಹಾಲಿನ ಕೊಬ್ಬು ಇಂತಿಷ್ಟಾದರೂ ಇರಲೇಬೇಕು ಅಂತ ನಿಯಮವಿದೆ, ನೀರಿನ ಕಾಟ ಕಡಿಮೆ. ಉಪ್ಪು ಹಾಕಿದ ಹಳದಿ ಬೆಣ್ಣೆಯೂ ಆಗುತ್ತದೆ. ಆಗ ಮೇಲೆ ಉಪ್ಪು ಹಾಕಬೇಡಿ, ಅಷ್ಟೇ.

ಬೆಣ್ಣೆ ಮೆತ್ತಗಾಗಬೇಕು, ಕರಗಬಾರದು. ಬೆರಳಿಟ್ಟರೆ ಗುಳಿ ಬೀಳಬೇಕು. ಸುಮಾರು 32 ಡಿಗ್ರಿ ದಾಟಿದರೆ ಹಾಲಿನ ಕೊಬ್ಬು ಕರಗಿ ಹೋಗುತ್ತದೆ. ಶಿವರಾತ್ರಿ ಕಳೆದ ಮೇಲೆ ನಮ್ಮೂರಿನ ಅಡುಗೆಮನೆ ಮಧ್ಯಾಹ್ನ ಹೇಗಿರುತ್ತೆ ಅಂತ ಗೊತ್ತಲ್ವಾ? ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ತಿಂಡಿಗೆ ಮೊದಲೇ ಮುಗಿಸಿ. ಬಟ್ಟಲನ್ನು ತಣ್ಣೀರಿನ ಪಾತ್ರೆಯಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಒಮ್ಮೆ ಕರಗಿದ ಬೆಣ್ಣೆ ಮತ್ತೆ ಗಟ್ಟಿಯಾದಾಗ ಹರಳು ಹರಳಾಗುತ್ತದೆ, ನೀರೂ ಬೇರೆಯಾಗುತ್ತದೆ. ಅದನ್ನು ತುಪ್ಪಕ್ಕೆ ಇಡಿ, ಇದಕ್ಕೆ ಬೇಡ.

ಇನ್ನು ಬೆಳ್ಳುಳ್ಳಿ. 100 ಗ್ರಾಂ ಬೆಣ್ಣೆಗೆ ನಾಟಿ ಬೆಳ್ಳುಳ್ಳಿಯಾದರೆ ಹತ್ತು ಎಸಳು, ದಪ್ಪನೆಯ ಫಾರಂ ಬೆಳ್ಳುಳ್ಳಿಯಾದರೆ ಐದು. ಸಂತೆಯಲ್ಲಿ ಸಿಗುವ ಸಣ್ಣ ನಾಟಿ ಎಸಳು ಸುಲಿಯುವುದಕ್ಕೆ ತ್ರಾಸು, ಆದರೆ ಘಾಟು ಅದರದ್ದೇ. ಮೊಳಕೆ ಬಂದಿದ್ದರೆ ನಡುವಿನ ಹಸಿರು ಕಡ್ಡಿ ತೆಗೆದುಬಿಡಿ, ಅದು ಕಹಿ.

ಇವುಗಳಲ್ಲಿ ಮೂರು ಪಾಲನ್ನು ಸುಡುತ್ತೇನೆ, ಒಂದು ಪಾಲನ್ನು ಹಸಿಯಾಗಿ ಹಾಕುತ್ತೇನೆ. ಇಡೀ ಎಸಳಿಗೆ ಅಷ್ಟು ವಾಸನೆ ಇರುವುದಿಲ್ಲ, ಗಮನಿಸಿದ್ದೀರಾ? ಜಜ್ಜಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡಿ ಆಲಿಸಿನ್ ಅನ್ನುವ ವಸ್ತು ಹುಟ್ಟುತ್ತದೆ. ಮೂಗಿಗೆ ಹೊಡೆಯುವುದು ಅದೇ. ಜಜ್ಜುವ ಮೊದಲೇ ಬಿಸಿ ತಾಗಿದರೆ ಕಿಣ್ವ ಸುಮ್ಮನಾಗುತ್ತದೆ, ಬೆಳ್ಳುಳ್ಳಿ ಸಿಹಿಯಾಗುತ್ತದೆ. ಬರೀ ಹಸಿ ಹಾಕಿದರೆ ಮಾರನೆಯ ದಿನದವರೆಗೂ ಬಾಯಿ ನಾರುತ್ತದೆ. ಬರೀ ಸುಟ್ಟದ್ದು ಹಾಕಿದರೆ ಸಪ್ಪೆ.

ಸುಡುವುದಕ್ಕೆ ಓವನ್ ಬೇಕಿಲ್ಲ. ಸಿಪ್ಪೆ ಸಮೇತ ಎಸಳುಗಳನ್ನು ದಪ್ಪ ತಳದ ಕಾವಲಿ ಮೇಲೆ ಹರಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ನಡುವೆ ಹೊರಳಿಸುತ್ತಿರಿ. ಸಿಪ್ಪೆ ಕಪ್ಪಾದರೆ ಚಿಂತೆ ಇಲ್ಲ, ಒಳಗಿನ ತಿರುಳು ಕಪ್ಪಾಗಬಾರದು. ಒತ್ತಿದರೆ ಪೇಸ್ಟಿನ ಹಾಗೆ ಹೊರಗೆ ಜಾರಬೇಕು. ಪೂರ್ತಿ ಆರಿದ ಮೇಲೆ ಮಾತ್ರ ಬೆಣ್ಣೆಗೆ ಸೇರಿಸಿ.

ಈಗ ಖಾರ. ಮನೆಯಲ್ಲಿ ಉಪ್ಸಾರಿಗೆ ಮಾಡುವಾಗ ಕಾಳು ಸೊಪ್ಪು ಬೇಯಿಸಿದ ಕಟ್ಟನ್ನೇ ಒಂದಿಷ್ಟು ಹಾಕಿ ರುಬ್ಬುತ್ತೇವೆ. ಇಲ್ಲಿ ಅದು ನಡೆಯಲ್ಲ. ಹುಣಸೆಹಣ್ಣೂ ಬೇಡ, ನೆನೆಸಿದ ನೀರು ಬಂದುಬಿಡುತ್ತದೆ. ನಾಲ್ಕು ಒಣಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಣಸು ಇವನ್ನು ಬೇರೆ ಬೇರೆಯಾಗಿ ಬೆಚ್ಚಗೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಮೆಣಸು ಬಿಸಿಯಾಗುವ ಹೊತ್ತಿಗೆ ಜೀರಿಗೆ ಸೀದಿರುತ್ತದೆ. ಬಣ್ಣ ಬೇಕು, ಖಾರ ಕಡಿಮೆ ಸಾಕು ಅನ್ನುವವರು ಬ್ಯಾಡಗಿ ಮೆಣಸಿನಕಾಯಿ ಹಾಕಿ. ನಮ್ಮ ಯಜಮಾನರಿಗೆ ಗುಂಟೂರೇ ಆಗಬೇಕು, ಮೂಗು ಒರೆಸಿಕೊಂಡು ತಿನ್ನುತ್ತಾರೆ.

ಕುಟ್ಟಾಣಿಯಲ್ಲಿ ಮೊದಲು ಮೆಣಸಿನಕಾಯಿ, ಮೆಣಸು, ಜೀರಿಗೆ ಕುಟ್ಟಿ. ಪುಡಿಯಾದ ಮೇಲೆ ಅರ್ಧ ಚಮಚ ಕಲ್ಲುಪ್ಪು ಮತ್ತು ಹಸಿ ಬೆಳ್ಳುಳ್ಳಿ ಹಾಕಿ. ಉಪ್ಪಿನ ಹರಳು ಉಜ್ಜಿದ ಹಾಗೆ ಬೆಳ್ಳುಳ್ಳಿ ಜಾರದೆ ನುಣ್ಣಗಾಗುತ್ತದೆ. ಕೊನೆಗೆ ಸುಟ್ಟ ಬೆಳ್ಳುಳ್ಳಿ. ಮಿಕ್ಸಿ ಹಾಕುವ ಆಸೆ ಬೇಡ, ಇಷ್ಟು ಕಡಿಮೆ ಸಾಮಾನು ಬ್ಲೇಡಿನ ಕೆಳಗೆ ಅಂಟಿಕೊಂಡು ಕೂರುತ್ತದೆ. ಆಮೇಲೆ ನೀರು ಹಾಕೋಣ ಅನ್ನಿಸುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಕುಟ್ಟಿದ ಈ ಖಾರವನ್ನು ಮೆತ್ತಗಿನ ಬೆಣ್ಣೆಗೆ ಹಾಕಿ ಚಮಚದಿಂದ ಒಂದೇ ಬಣ್ಣ ಬರುವ ತನಕ ಕಲಸಿ. ರುಚಿ ನೋಡುವಾಗ ಸುಮ್ನೆ ನಾಲಿಗೆಗೆ ಇಟ್ಟುಕೊಳ್ಳಬೇಡಿ, ಬಿಸಿ ರೊಟ್ಟಿ ಚೂರಿಗೆ ಸವರಿ ತಿನ್ನಿ. ತಣ್ಣಗಿದ್ದಾಗ ಉಪ್ಪು ಸರಿಯಾಗಿ ಗೊತ್ತಾಗುವುದಿಲ್ಲ.

ಖಾರ ತಿನ್ನದ ಮಕ್ಕಳಿದ್ದರೆ ಮೆಣಸಿನಕಾಯಿ ಬಿಟ್ಟು ಕೊತ್ತಂಬರಿ ಸೊಪ್ಪು, ನಿಂಬೆಹಣ್ಣಿನ ಸಿಪ್ಪೆಯ ಹಳದಿ ತುರಿ ಹಾಕಿ. ರಸ ಹಿಂಡಬೇಡಿ. ಸಬ್ಬಸಿಗೆ ಸೊಪ್ಪೂ ಚೆನ್ನಾಗಿ ಹೊಂದುತ್ತದೆ, ಆದರೆ ಸ್ವಲ್ಪವೇ ಸಾಕು. ಸೊಪ್ಪು ಯಾವುದಾದರೂ ತೊಳೆದು, ಬಟ್ಟೆ ಮೇಲೆ ಹರಡಿ, ತೇವ ಆರಿದ ಮೇಲೆ ಹೆಚ್ಚಿ.

ಇಡುವ ವಿಷಯದಲ್ಲಿ ಉಡಾಫೆ ಬೇಡ. ಬೆಳ್ಳುಳ್ಳಿ ನೆಲದಲ್ಲಿ ಬೆಳೆಯುವುದು. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅನ್ನುವ ಬ್ಯಾಕ್ಟೀರಿಯಾ ಅದಕ್ಕೆ ಅಂಟಿರಬಹುದು. ಎಣ್ಣೆ ಬೆಣ್ಣೆಯ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ, ಬೆಚ್ಚಗಿನ ಜಾಗವೇ ಅದಕ್ಕೆ ಬೇಕಾಗಿರುವುದು. ಅದು ಬಿಡುವ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮೂಸಿ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಹಾಗಾಗಿ ಕಲಸಿದ ತಕ್ಷಣ ಫ್ರಿಡ್ಜ್‌ಗೆ. ನಾಲ್ಕು ದಿನದಲ್ಲಿ ಮುಗಿಸುವಷ್ಟನ್ನು ಮಾತ್ರ ಫ್ರಿಡ್ಜ್‌ನ ಕೆಳಭಾಗದಲ್ಲಿ ಇಡಿ. ಉಳಿದದ್ದನ್ನು ಬಟರ್ ಪೇಪರ್‌ನಲ್ಲಿ ಉದ್ದಕ್ಕೆ ಸುರುಳಿ ಸುತ್ತಿ ಫ್ರೀಜರ್‌ಗೆ ಹಾಕಿ. ಎರಡು ತಿಂಗಳು ಆರಾಮಾಗಿ ಇರುತ್ತದೆ, ಬೇಕಾದಾಗ ಬಿಲ್ಲೆ ಬಿಲ್ಲೆಯಾಗಿ ಕೊಯ್ದುಕೊಳ್ಳಬಹುದು. ಇಡೀ ದಿನ ಕರೆಂಟ್ ಹೋಗಿ ಬೆಣ್ಣೆ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆದುಬಿಡಿ, ಹೊಟ್ಟೆ ಉರಿದರೂ ಸರಿ. ಡಬ್ಬಿಗೆ ಬಿಗಿಯಾದ ಮುಚ್ಚಳ ಇರಲಿ. ಇಲ್ಲದಿದ್ದರೆ ಬೆಳಿಗ್ಗೆಯ ಕಾಫಿಗೂ ಬೆಳ್ಳುಳ್ಳಿ ಘಮ. ಬೆಳ್ಳುಳ್ಳಿ ಮುಟ್ಟದ ಹಿರಿಯರು ಮನೆಯಲ್ಲಿದ್ದರೆ ಡಬ್ಬಿ, ಚಮಚ ಎರಡೂ ಬೇರೆ ಇಡಿ, ಜಗಳವೇ ಇಲ್ಲ.

ತಿನ್ನುವುದಕ್ಕೆ ನನ್ನ ಮೊದಲ ಆಯ್ಕೆ ಅಕ್ಕಿರೊಟ್ಟಿ. ಕಾವಲಿಯಿಂದ ಇಳಿಸಿ, ತಟ್ಟೆಗೆ ಹಾಕಿದ ಮೇಲೆ ಸವರಿ. ಕಾವಲಿ ಮೇಲೆಯೇ ಹಾಕಿದರೆ ಬೆಳ್ಳುಳ್ಳಿ ಸೀಯುತ್ತದೆ. ಮುದ್ದೆಗೆ ನಡುವೆ ಗುಳಿ ಮಾಡಿ ಒಂದು ಬಿಲ್ಲೆ ಇಡಿ. ಅವರೆಕಾಯಿ ಕಾಲದಲ್ಲಿ ಬೇಯಿಸಿದ ಕಾಳಿಗೆ ಬೆರೆಸಿ, ಬೇರೆ ಒಗ್ಗರಣೆಯೇ ಬೇಡ. ಬನ್ನಿಗಾದರೆ ಕೊಯ್ದು ಒಳಗೆ ಸವರಿ, ಹೊರಮೈಯನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮೀನು ಹುರಿಯುವವರು ಒಲೆ ಆರಿಸಿದ ಮೇಲೆ ಮೇಲಿನಿಂದ ಹಾಕಿ.

ಫ್ರೀಜರ್‌ನಲ್ಲಿ ತುಂಡು ತುಣುಕು ಉಳಿದರೆ ಸಣ್ಣ ಉರಿಯಲ್ಲಿ ಕಾಯಿಸಿ, ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಸೋಸಿ. ಬಸ್ಸಾರಿನ ಒಗ್ಗರಣೆಗೆ ಈ ತುಪ್ಪ ಭರ್ಜರಿ. ಇದನ್ನೂ ಫ್ರಿಡ್ಜ್‌ನಲ್ಲೇ ಇಡಿ, ಅದೇ ವಾರ ಖಾಲಿ ಮಾಡಿ.