ಮಳೆಗಾಲಕ್ಕೂ ಕಚ್ಚಿಕೊಳ್ಳದ ಮರದ ಜೆಸಿಬಿ: ನನ್ನ ಅನುಭವ

ಜುಲೈ ಕೊನೆಯಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದಿತ್ತು. ಎಂಟನೇ ದಿನ ಅಟ್ಟದಿಂದ ನಾನೇ ಮಾಡಿದ, ಬಿಚ್ಚಿ ಜೋಡಿಸುವ ಮರದ ಜೆಸಿಬಿ ಆಟಿಕೆಯ ಹತ್ತು ಸೆಟ್ ಇಳಿಸಿ ಒಂದೊಂದೇ ಬಿಚ್ಚಿ ನೋಡಿದೆ. ಹತ್ತೂ ಬರಿಗೈಯಲ್ಲಿ ಬಿಚ್ಚಿದವು, ಹತ್ತೂ ಮತ್ತೆ ಬಿಗಿಯಾಗಿ ಕೂತವು. ಸುತ್ತಿಗೆ ಬೇಕಾಗಲಿಲ್ಲ. ಇದೇ ಸೆಟ್ ಏಪ್ರಿಲ್‌ನ ಬಿಸಿಲಲ್ಲೂ ಸಡಿಲ ಆಗಿರಲಿಲ್ಲ. ಅವತ್ತು ಸಂಜೆ ಬೀದಿಯ ಉಸ್ತಾದರನ್ನು ಕರೆದು ತೋರಿಸಿದೆ. ಅವರು ಮೂರು ಸಲ ಬಿಚ್ಚಿ, ಮೂರು ಸಲ ಕೂಡಿಸಿ, "ಆಯ್ತಪ್ಪಾ, ಗೆದ್ದೆ" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಇದೇ ಉಸ್ತಾದರು, "ಲೇತ್ ಇಟ್ಕೊಂಡು ಇಟ್ಟಿಗೆ ಮಾಡ್ತೀಯಾ?" ಅಂತ ಕೇಳಿದ್ದರು. ಲೇತ್ ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ. ಚನ್ನಪಟ್ಟಣದಲ್ಲಿ ನಾವೆಲ್ಲ ಅದರಲ್ಲಿ ಗುಂಡಗಿನದು ಮಾಡುವವರು. ಬುಗುರಿ, ಗಿಲಕಿ, ಬಳೆ, ತಲೆ ಅಲ್ಲಾಡಿಸುವ ಗೊಂಬೆ. ಬಿಚ್ಚಿ ಜೋಡಿಸುವ ಆಟಿಕೆ ಪ್ಲಾಸ್ಟಿಕ್ಕಿನವರ ಕೆಲಸ ಅಂತ ಎಲ್ಲರ ಲೆಕ್ಕ. ಬೊಂಬೆ ಅಂಗಡಿಯ ಒಬ್ಬರಂತೂ ಮುಖಕ್ಕೇ ಹೇಳಿದರು: "ನೂರೈವತ್ತು ರೂಪಾಯಿಗೆ ಪ್ಲಾಸ್ಟಿಕ್ ಸೆಟ್ ಸಿಗುತ್ತೆ. ನಿಮ್ಮದು ಯಾರು ತಗೋತಾರೆ?"

ನನಗೆ ಯೋಚನೆ ಬಂದಿದ್ದು ತಮ್ಮನ ಮಗನಿಂದ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಕೆಲಸ ನಡೆಯುತ್ತಿದ್ದಾಗ ಅವನನ್ನು ದಿನಾ ಸಂಜೆ ಬೈಕಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗಬೇಕಿತ್ತು. ಜೆಸಿಬಿ, ಹಿಟಾಚಿ, ಟಿಪ್ಪರ್, ರೋಲರ್. ಒಂದು ಗಂಟೆ ಅಲುಗಾಡದೆ ನಿಂತು ನೋಡುತ್ತಿದ್ದ. ಮನೆಗೆ ಬಂದು ನಾನು ಬಿಸಾಡಿದ ಮರದ ಚೂರು ಕೂಡಿಸಿ ಅದನ್ನೇ ಕಟ್ಟುತ್ತಿದ್ದ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆಯಿತು. ಬೈಪಾಸ್ ಆದ ಮೇಲೆ ಹಳೇ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುವವರು ಎಷ್ಟು ಕಡಿಮೆ ಆದರು ಅಂತ ನಿಮಗೆ ಗೊತ್ತೇ ಇದೆ. ನನ್ನ ವ್ಯಾಪಾರ ಅರ್ಧಕ್ಕೆ ಇಳಿಯಿತು. ಹೊಸದೇನಾದರೂ ಮಾಡಲೇಬೇಕಿತ್ತು. ಅವನ ಕೈಯಲ್ಲಿ ಆ ಚೂರುಗಳು ಇದ್ದವು.

ಮೊದಲ ಸೆಟ್ ಹೀಗಿತ್ತು. ನಮ್ಮ ಬೊಂಬೆಗಳಿಗೆ ಬಳಸುವ ಆಲೆ ಮರದ, ಮುಕ್ಕಾಲು ಇಂಚು ದಪ್ಪದ ಪಟ್ಟಿ. ಅದನ್ನು ಇಟ್ಟಿಗೆಯಷ್ಟಕ್ಕೆ ಕತ್ತರಿಸಿ, ಅಗಲದ ಮೈಯಲ್ಲಿ ಎರಡು ತೂತು ಹೊಡೆದೆ. ತುಂಡುಗಳನ್ನು ಸೇರಿಸಲು 10 ಮಿಲಿಮೀಟರ್ ಗೂಟ. ಲೇತ್‌ನಲ್ಲಿ ತಿರುಗಿಸಿದ ಚಕ್ರ. ಚಳಿಗಾಲದಲ್ಲಿ ಮಾಡಿದ್ದರಿಂದ ಎಲ್ಲ ಚೆನ್ನಾಗಿ ಕೂತವು. ಸುಮಾರು 60 ಸೆಟ್ ಮಾಡಿ ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. ಬೇಸಿಗೆಯಲ್ಲಿ ಗೂಟ ಉದುರುತ್ತಿವೆ ಅಂತ ಫೋನ್ ಬಂತು. ಸರಿ ಅಂತ ಮುಂದಿನ 40ಕ್ಕೆ ಗೂಟವನ್ನು ಕೂದಲೆಳೆಯಷ್ಟು ದಪ್ಪ ಮಾಡಿದೆ. ಜೂನ್ ಬಂತು, ಮಳೆ ಬಂತು. ಗೂಟ ಕಚ್ಚಿಕೊಂಡು ಕೂತವು. ಒಬ್ಬ ತಾಯಿ ಇಕ್ಕಳ ಹಾಕಿ ಎಳೆದು, ಇಟ್ಟಿಗೆಯೇ ಸೀಳಿದ ಫೋಟೋ ಕಳಿಸಿದರು. ಎರಡೂ ಸೇರಿ ಮೂವತ್ತಕ್ಕೂ ಜಾಸ್ತಿ ಸೆಟ್ ವಾಪಸ್ ಬಂದವು. ಹಣ ಹಿಂದಿರುಗಿಸಿದೆ. ಹೆಚ್ಚುಕಡಿಮೆ 28 ಸಾವಿರ ಹೋಯಿತು. ಅದಕ್ಕೂ ಮೊದಲು ಡ್ರಿಲ್ ಸ್ಟ್ಯಾಂಡು, ಹೊಸ ಡ್ರಿಲ್ ಬಿಟ್ ಅಂತ 20 ಸಾವಿರದ ಮೇಲೆ ಹಾಕಿದ್ದೆ. ಲೆಕ್ಕದ ಪುಸ್ತಕ ನನ್ನ ಹೆಂಡತಿಯ ಕೈಯಲ್ಲಿದೆ. ಆ ತಿಂಗಳು ಅವಳು ಅದನ್ನು ನನ್ನ ಮುಂದೆ ತೆರೆಯಲೇ ಇಲ್ಲ.

ಆಮೇಲೆ ಮೂರ್ನಾಲ್ಕು ತಿಂಗಳು ಏನೇನೋ ಮಾಡಿದೆ. ಗೂಟಕ್ಕೆ ಮೇಣ ಸವರಿದೆ, ಎರಡು ದಿನಕ್ಕೆ ಧೂಳು ಹಿಡಿದು ಕಪ್ಪಾಯಿತು. ಗೂಟದ ತುದಿಯನ್ನು ಗರಗಸದಿಂದ ಸೀಳಿ ಸ್ಪ್ರಿಂಗ್ ತರ ಮಾಡಿದೆ, ಅದು ಸ್ವಲ್ಪ ಸರಿ ಅನಿಸಿತು. ಆದರೆ ಮಕ್ಕಳು ಸೀಳಿದ ಕಡೆ ಹಲ್ಲು ಹಾಕಿ ಮುರಿಯುತ್ತಾರೆ. ಗೂಟದ ಬದಲು ಅಯಸ್ಕಾಂತ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ಅದನ್ನು ಮುಟ್ಟಲಿಲ್ಲ. ಒಂದಕ್ಕಿಂತ ಜಾಸ್ತಿ ಅಯಸ್ಕಾಂತ ಮಗುವಿನ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೇ ಬರುತ್ತದೆ. ಇಷ್ಟು ಸಣ್ಣ ಮಕ್ಕಳ ಆಟಿಕೆಗೆ ಅದು ಬೇಡವೇ ಬೇಡ.

ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ಕಿನ ಲೆಗೋ ಇಟ್ಟಿಗೆಯನ್ನೂ ಕೊಂಡು ತಂದು ಅಳೆದೆ. ಆ ಕಂಪನಿಯವರೂ 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಮರಗೆಲಸದಿಂದಲೇ ಶುರು ಮಾಡಿದವರು. ಒಳಗೆ ಕೊಳವೆ ಇರುವ ಈಗಿನ ಇಟ್ಟಿಗೆಗೆ ಪೇಟೆಂಟ್ ಹಾಕಿದ್ದು 1958ರಲ್ಲಿ. ಮೇಲೆ ಉಬ್ಬಿಕೊಂಡಿರುವ ಗುಬ್ಬಿ 4.8 ಮಿಲಿಮೀಟರ್ ಅಗಲ, ಗುಬ್ಬಿಯಿಂದ ಗುಬ್ಬಿಗೆ 8. ಎಷ್ಟು ಇಟ್ಟಿಗೆ ಅಳೆದರೂ ಅದೇ. ಪ್ಲಾಸ್ಟಿಕ್ಕಿಗೆ ಮಳೆಗಾಲ, ಬೇಸಿಗೆ ಇಲ್ಲ. ನಮ್ಮ ಮರಕ್ಕೆ ಇದೆ. ಹಾಗಾದರೆ ಮರ ಉಬ್ಬದಂತೆ ತಡೆಯುವುದು ಬಿಟ್ಟು, ಗೂಟ ಮತ್ತು ತೂತು ಎರಡೂ ಒಟ್ಟಿಗೆ ಉಬ್ಬುವ ಹಾಗೆ ಮಾಡಿದರೆ? ಇದು ಹೊಳೆದಿದ್ದು ರಾತ್ರಿ ಊಟಕ್ಕೆ ಕೂತಾಗ. ಊಟ ಅಲ್ಲೇ ಬಿಟ್ಟು ಎದ್ದೆ.

ಮರ ಉಬ್ಬುವುದು ಎಳೆಗೆ, ಅಂದರೆ ಮರದ ನಾರು ಹೋಗುವ ದಾರಿಗೆ, ಅಡ್ಡಲಾಗಿ, ಉದ್ದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ. ಇದು ನಮಗೆಲ್ಲ ಗೊತ್ತಿರುವುದೇ. ನಾನು ತೂತು ಹೊಡೆದಿದ್ದು ಪಟ್ಟಿಯ ಅಗಲದ ಮೈಯಲ್ಲಿ. ಮಳೆಗಾಲದಲ್ಲಿ ಆ ತೂತು ಒಂದು ಕಡೆಗೆ ಹಿಗ್ಗುತ್ತಿತ್ತು, ಇನ್ನೊಂದು ಕಡೆಗೆ ಹಿಗ್ಗುತ್ತಿರಲಿಲ್ಲ, ಮೊಟ್ಟೆ ಆಕಾರ ಆಗುತ್ತಿತ್ತು. ಗೂಟ ಮಾತ್ರ ಸುತ್ತಲೂ ಉಬ್ಬುತ್ತಿತ್ತು. ಕಚ್ಚಿಕೊಳ್ಳದೆ ಇನ್ನೇನು?

ಈಗ ನಾನು ಇಟ್ಟಿಗೆಯನ್ನು ಪಟ್ಟಿಯಿಂದ ಕತ್ತರಿಸುವುದಿಲ್ಲ. ಚೌಕದ ಕೊರಡನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಹೆಚ್ಚುತ್ತೇನೆ. ಎಳೆಯ ತುದಿ ಕಾಣುವ ಮೈಯಲ್ಲಿ ತೂತು ಬರುತ್ತದೆ, ಅಂದರೆ ತೂತು ಎಳೆಯ ದಾರಿಯಲ್ಲೇ ಹೋಗುತ್ತದೆ. ಗೂಟದ ಎಳೆಯೂ ಅದೇ ದಾರಿ. ಗೂಟ ಉಬ್ಬಿದಷ್ಟೇ ತೂತೂ ಹಿಗ್ಗುತ್ತದೆ, ಗೂಟ ಒಣಗಿದರೆ ತೂತೂ ಕುಗ್ಗುತ್ತದೆ. ಸಾಧ್ಯವಾದ ಮಟ್ಟಿಗೆ ಗೂಟವನ್ನೂ ಇಟ್ಟಿಗೆಯನ್ನೂ ಒಂದೇ ಕೊರಡಿನಿಂದ ತೆಗೆಯುತ್ತೇನೆ. ಇಷ್ಟೇ ವಿಷಯ. ಇಷ್ಟಕ್ಕೆ ಎರಡು ಮಳೆಗಾಲ ಬೇಕಾಯಿತು.

ಅಡ್ಡಕ್ಕೆ ಹೆಚ್ಚಿದ ತುಂಡಿಗೆ ಅದರದೇ ಕಷ್ಟ ಇದೆ. ತೆಳ್ಳಗಾದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. 12 ಮಿಲಿಮೀಟರ್ ಮಾಡಿ ನೋಡಿದೆ, ಸಿಮೆಂಟ್ ನೆಲಕ್ಕೆ ಬಿದ್ದರೆ ಸಾಕು, ಎರಡು ಹೋಳು. 20ಕ್ಕಿಂತ ಕಡಿಮೆ ಬೇಡ. ಕೊರಡಿನ ನಡುವಿನ ತಿರುಳು ಇರುವ ತುಂಡು ಒಣಗುವಾಗಲೇ ಬಿರಿಯುತ್ತದೆ, ಅದನ್ನು ಮೊದಲೇ ಎತ್ತಿಡಿ. ಹತ್ತರಲ್ಲಿ ಎರಡು ತುಂಡು ಹೀಗೆ ಒಲೆಗೆ ಹೋಗುತ್ತವೆ. ಹಸಿ ಮರದಲ್ಲಿ ತೂತು ಹೊಡೆಯುವ ಆತುರ ಬೇಡ. ಎರಡು ಮೂರು ತಿಂಗಳು ನೆರಳಲ್ಲಿ ಒಣಗಿಸಿ, ಹೆಚ್ಚಿದ ಮೇಲೆ ಇನ್ನೊಂದು ಎರಡು ವಾರ ಹಾಗೇ ಬಿಡುತ್ತೇನೆ.

ಎಳೆಯ ತುದಿಯಲ್ಲಿ ತೂತು ಹೊಡೆಯುವಾಗ ಡ್ರಿಲ್ ಬಿಟ್ ಅತ್ತಿತ್ತ ಓಡಾಡುತ್ತದೆ. ಎರಡು ತೂತುಗಳ ನಡುವಿನ ಅಂತರ ಪ್ರತಿ ಇಟ್ಟಿಗೆಯಲ್ಲೂ ಒಂದೇ ಬರದಿದ್ದರೆ ಜೋಡಣೆ ಆಗುವುದೇ ಇಲ್ಲ, ಅಲ್ವಾ? ಅದಕ್ಕೆ ತೂತು ಒಂದೇ ಜಾಗಕ್ಕೆ ಬರುವ ಹಾಗೆ ಮಾಡುವ ಒಂದು ಚೌಕಟ್ಟನ್ನು ನಾನೇ ಮಾಡಿಕೊಂಡಿದ್ದೇನೆ. ಅದರ ಅಳತೆ ಇಲ್ಲಿ ಕೊಡುವುದಿಲ್ಲ, ಕ್ಷಮಿಸಿ. ನೂರು ಇಟ್ಟಿಗೆಯಲ್ಲಿ ಎರಡು ಮೂರು ಮಾತ್ರ ಕೆಡುತ್ತವೆ ಅಂತ ಮಾತ್ರ ಹೇಳಬಲ್ಲೆ. ಇಷ್ಟು ಸರಿಯಾದ ಕೆಲಸ ಮಿಷನ್ ಕಾರ್ಖಾನೆಯಲ್ಲಿ ಬರಬಹುದು, ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

ಬಣ್ಣದ ಕಥೆ ಬೇರೆಯೇ. ನಮ್ಮ ಬೊಂಬೆಗೆ ಬಣ್ಣ ಬರುವುದು ಬಣ್ಣ ಬೆರೆಸಿದ ಅರಗಿನಿಂದ. ಅದು ಹಿಡಿಯಬೇಕಾದರೆ ಮರ ತಿರುಗಬೇಕು, ಬಿಸಿ ಏಳಬೇಕು. ಚೌಕದ ಇಟ್ಟಿಗೆಯ ಪಕ್ಕಗಳಿಗೆ ಅದು ಆಗದು. ಬ್ರಷ್ಷಿನಲ್ಲಿ ಬಳಿಯುವುದು ನನಗೆ ಇಷ್ಟವಿಲ್ಲ, ಅದಾದರೆ ಚನ್ನಪಟ್ಟಣದ ಕೆಲಸ ಹೇಗಾಗುತ್ತದೆ? ಅರಿಶಿನದ ನೀರಲ್ಲಿ ಇಟ್ಟಿಗೆ ಕುದಿಸಿದೆ. ಚಿನ್ನದಂಥ ಹಳದಿ ಬಂತು. ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟೆ, ಮೂರು ವಾರದಲ್ಲಿ ಬಿಳಚಿಹೋಯಿತು. ಕೊನೆಗೆ ಇಟ್ಟಿಗೆಯನ್ನು ಎರಡು ಗೂಟದ ಮೇಲೆ ಕೂರಿಸಿ ಲೇತಿಗೆ ಕಟ್ಟಿ, ತಿರುಗುವ ಮುಖಕ್ಕೆ ಮಾತ್ರ ಅರಗಿನ ಕಡ್ಡಿ ಹಿಡಿದು, ತಾಳೆ ಗರಿಯಲ್ಲಿ ಹೊಳಪು ಕೊಟ್ಟೆ. ಮೂಲೆಗಳು ಕೈಗೆ ಬಡಿಯುತ್ತವೆ, ಹುಷಾರಾಗಿರಿ, ವೇಗ ಇಳಿಸಿ. ಎರಡು ಮುಖಕ್ಕೆ ಬಣ್ಣ, ನಾಲ್ಕು ಪಕ್ಕ ಬರಿ ಮರ. ಅದರ ಇನ್ನೊಂದು ಲಾಭ ಆಮೇಲೆ ತಿಳಿಯಿತು. ಮರ ನೀರು ಕುಡಿಯುವುದೇ ಎಳೆಯ ತುದಿಯಿಂದ. ಆ ಮುಖವನ್ನೇ ಅರಗು ಮುಚ್ಚುತ್ತದೆ.

ಆದರೆ ತಮ್ಮನ ಮಗ ಒಪ್ಪಲಿಲ್ಲ. "ದೊಡ್ಡಪ್ಪ, ಜೆಸಿಬಿ ಪೂರ್ತಿ ಹಳದಿ ಇರುತ್ತೆ" ಅಂದ. ಅವನು ಹೇಳಿದ್ದು ಸರಿ. ಅದಕ್ಕೆ ಎಂಜಿನ್ ಮತ್ತು ಕ್ಯಾಬಿನ್ ಭಾಗವನ್ನು ಗುಂಡಗೆ, ಡಬ್ಬಿಯ ಹಾಗೆ ತಿರುಗಿಸಿ ಪೂರ್ತಿ ಹಳದಿ ಅರಗು ಕೊಟ್ಟೆ. ಹೊಟ್ಟೆ ತುಂಬಿದ ಜೆಸಿಬಿಯ ಹಾಗೆ ಕಾಣುತ್ತದೆ. ಮಕ್ಕಳಿಗೆ ಅದೇ ಇಷ್ಟ. ಇದರಿಂದ ನನ್ನ ಕಣ್ಣೂ ತೆರೆಯಿತು. ಕಾಂಕ್ರೀಟ್ ಮಿಕ್ಸರಿನ ಡ್ರಮ್ಮು, ರೋಡ್ ರೋಲರಿನ ಚಕ್ರ, ಇವೆಲ್ಲ ಹುಟ್ಟಿದ್ದೇ ಲೇತಿಗಾಗಿ ಅನ್ನುವ ಹಾಗಿವೆ! ಈಗ ಒಂದು ಪೆಟ್ಟಿಗೆಯಲ್ಲಿ 34 ತುಂಡು. ಅವುಗಳಿಂದ ಜೆಸಿಬಿ, ಟಿಪ್ಪರ್, ರೋಲರ್, ಮಿಕ್ಸರ್ ನಾಲ್ಕೂ ಮಾಡಬಹುದು, ಒಂದು ಸಲಕ್ಕೆ ಒಂದು. ನಮ್ಮ ಹುಡುಗ ರೋಲರಿಗೆ ಜೆಸಿಬಿ ಕೈ ಸಿಕ್ಕಿಸಿ ಐದನೆಯದನ್ನೂ ಮಾಡಿದ್ದಾನೆ.

ಜೆಸಿಬಿಯ ಕೈ ಜೋತು ಬೀಳುತ್ತಿತ್ತು. ಎತ್ತಿದರೆ ಎತ್ತಿದಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಆಟವೇ ಇಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಹಾಕಿದೆ. ಚೆನ್ನಾಗಿ ನಿಂತಿತು. ಆದರೆ ಕಿತ್ತುಬಂದರೆ ಬಾಯಿಗೆ ಹೋಗುವಷ್ಟು ಸಣ್ಣದು, ಹಾಗಾಗಿ ತೆಗೆದುಹಾಕಿದೆ. ಈಗ ಬೇರೆ ಒಂದು ಉಪಾಯ ಇದೆ, ಅದರಲ್ಲಿ ರಬ್ಬರೂ ಇಲ್ಲ, ಮೊಳೆಯೂ ಇಲ್ಲ. ಅದು ನಮ್ಮ ಮನೆಯಲ್ಲೇ ಇರಲಿ. ಸೆಟ್ ಕೊಂಡು ಬಿಚ್ಚಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸಣ್ಣ ತುಂಡಿನ ವಿಷಯದಲ್ಲಿ ನಾನು ರಾಜಿ ಆಗಿಲ್ಲ. ಆಟಿಕೆಯ ತುಂಡು ಮಗು ನುಂಗುವಷ್ಟು ಸಣ್ಣದೇ ಅಂತ ನೋಡುವ ಪರೀಕ್ಷೆಯ ಅಳತೆ ಕೊಳವೆ 31.7 ಮಿಲಿಮೀಟರ್ ಅಗಲ, ಆಳ ಜಾಸ್ತಿ ಇರುವ ಕಡೆ 57. ಅದರೊಳಗೆ ಪೂರ್ತಿ ಮುಳುಗುವ ತುಂಡು ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಇರಬಾರದು. ನಾನು ಅಂಥದ್ದೊಂದು ಕೊಳವೆಯನ್ನು ಲೇತಿನಲ್ಲೇ ಮಾಡಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಗೂಟ ಎರಡೂವರೆ ಇಂಚು, ಚಕ್ರ 40 ಮಿಲಿಮೀಟರ್. ಒಂದೂ ಒಳಗೆ ಮುಳುಗುವುದಿಲ್ಲ. ಆದರೂ ಪೆಟ್ಟಿಗೆಯ ಮೇಲೆ ಮೂರು ವರ್ಷ ದಾಟಿದವರಿಗೆ ಅಂತಲೇ ಹಾಕಿಸಿದ್ದೇನೆ. 2021ರ ಜನವರಿಯಿಂದ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ ಆಯಿತು. ನೋಂದಾಯಿತ ಕರಕುಶಲಿಗಳಿಗೆ ಅದರಿಂದ ವಿನಾಯಿತಿ ಇದೆ. ಆದರೆ ವಿನಾಯಿತಿ ಇದೆ ಅಂತ ಸುಮ್ನೆ ಕೂತರೆ, ಬಾಯಿಗೆ ಹಾಕುವ ಮಗುವಿಗೆ ಏನು ಪ್ರಯೋಜನ?

ದುಡ್ಡಿನ ಲೆಕ್ಕ, ನೆನಪಿನಿಂದ ಹೇಳುತ್ತೇನೆ. ಒಂದು ಸೆಟ್ಟಿಗೆ ಮರ 60, ಅರಗು ಬಣ್ಣ 40, ಕೂಲಿ 280ರ ಹತ್ತಿರ, ಪೆಟ್ಟಿಗೆ 45, ಕೆಟ್ಟಿದ್ದರ ಬಾಬತ್ತು 50. ಸುಮಾರು 475 ಬೀಳುತ್ತದೆ. ಮೊದಲು 1,200 ಇಟ್ಟೆ, ಒಂದು ತಿಂಗಳಲ್ಲಿ ನಾಲ್ಕು ಹೋದವು. 850ಕ್ಕೆ ಇಳಿಸಿದೆ. ಅಂಗಡಿಗೆ ಕೊಟ್ಟರೆ ನನಗೆ 620 ಸಿಗುತ್ತದೆ, ನೇರ ಮಾರಿದರೆ ಪೂರ್ತಿ. ಅಡ್ಡಕ್ಕೆ ಹೆಚ್ಚಲು ಶುರು ಮಾಡಿದ ಮೇಲೆ 380 ಸೆಟ್ ಹೋಗಿವೆ, ವಾಪಸ್ ಬಂದಿದ್ದು ಮೂರು. ಅದರಲ್ಲಿ ಒಂದು ನಾಯಿ ಕಚ್ಚಿದ್ದು. ಅದಕ್ಕೂ ಹೊಸ ತುಂಡು ಕಳಿಸಿದೆ. ಕಳೆದುಕೊಂಡ 28 ಸಾವಿರ ಈ ಯುಗಾದಿಗೆ ತೀರಿತು.

ನೂರೈವತ್ತರ ಪ್ಲಾಸ್ಟಿಕ್ ಬಗ್ಗೆ ಹೇಳಿದ್ದ ಅಂಗಡಿಯವರು ದಸರಾಕ್ಕೆ 50 ಸೆಟ್ ಕೇಳಿದ್ದಾರೆ. ಕೊಡುತ್ತೇನೆ, ಅರ್ಧ ಹಣ ಮುಂಗಡ.

ಈಗ ಲೇತಿನ ಮೇಲೆ ಇರುವುದು ಕ್ರೇನಿನ ರಾಟೆ. ಹತ್ತಿ ದಾರ ಹಾಕಿದೆ, ಮಳೆಗೆ ಬಿಗಿದುಕೊಳ್ಳುತ್ತಿದೆ. ಮತ್ತೆ ಅದೇ ಜಗಳ. ಗೂಟದ್ದು ಮುಗಿಯಿತು ಅಂದರೆ ದಾರದ್ದು ಶುರುವಾಗಿದೆ. ಯಾರಾದರೂ ಮಳೆಗಾಲದಲ್ಲಿ ದಾರದ ಆಟಿಕೆ ಸರಿಯಾಗಿ ಓಡಿಸಿದ್ದರೆ ಹೇಳಿ. ಜೆಸಿಬಿ ಕೈಯ ಉಪಾಯ ಅವರಿಗೆ ಹೇಳಿಕೊಡುತ್ತೇನೆ.